ಬಣ್ಣದ ಕೆಳಗಿನ ಹಲಗೆ

ಭಾವನ ಫೋನ್ ಬಂದಾಗ ನಾನು ಮೀಟಿಂಗಿನಲ್ಲಿದ್ದೆ. ಮೂರು ಸಲ ಕಟ್ ಮಾಡಿದೆ. ನಾಲ್ಕನೇ ಸಲ ಹೊರಗೆ ಬಂದು ಎತ್ತಿದರೆ, "ಒಂದ್ ಬೋಟ್ ಕಂಡಿದೆ ಮಾರಾಯ. ಸೆಕೆಂಡ್ ಹ್ಯಾಂಡ್. ಶನಿವಾರ ನೀನೂ ಬಂದ್ ಒಂದ್ ಸಲ ಕಾಣ್" ಅಂದರು.

"ನಾನು ಬಂದು ಎಂತ ಕಾಣೋದು ಭಾವ? ನಂಗೆ ಬೋಟ್ ಬಗ್ಗೆ ಎಂತ ಗೊತ್ತು?"

"ನೀ ಇಂಜಿನಿಯರ್ ಅಲ್ದಾ?"

ನಮ್ಮೂರಲ್ಲಿ ಬಿಇ ಮಾಡಿದವನಿಗೆ ಮಿಕ್ಸಿಯಿಂದ ಮೊಬೈಲ್ ಟವರ್‌ವರೆಗೆ ಎಲ್ಲವೂ ಗೊತ್ತಿರಬೇಕು. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್, ಮಾಡುವ ಕೆಲಸ ಪೇಮೆಂಟ್ ಸಾಫ್ಟ್‌ವೇರ್ ಬರೆಯೋದು ಅಂತ ಹತ್ತು ವರ್ಷದಿಂದ ಹೇಳ್ತಾ ಬಂದಿದ್ದೇನೆ, ಪ್ರಯೋಜನ ಆಗಿಲ್ಲ. ಆದರೆ ಈ ಸಲ ತಮಾಷೆ ಮಾಡುವ ಹಾಗಿರಲಿಲ್ಲ. ಬೋಟಿಗೆ ಹೇಳಿದ ರೇಟು 18 ಲಕ್ಷ. ಭಾವ ಹದಿನೈದು ವರ್ಷ ಬೇರೆಯವರ ಬೋಟಿನಲ್ಲಿ ಕಲಾಸಿಯಾಗಿ, ಆಮೇಲೆ ತಾಂಡೇಲನಾಗಿ ದುಡಿದು ಉಳಿಸಿದ್ದು ಅದರಲ್ಲಿ ಮೂರನೇ ಒಂದು ಭಾಗ. ಉಳಿದದ್ದು ಅಕ್ಕನ ಬಂಗಾರ, ಮನೆ ಹಿಂದಿನ ತೆಂಗಿನ ತೋಟದ ಮೇಲೆ ಸಾಲ. ಬೋಟು ಕೈಕೊಟ್ಟರೆ ಮೂರೂ ಒಟ್ಟಿಗೆ ಹೋಗುತ್ತದೆ. ಶುಕ್ರವಾರ ರಾತ್ರಿ ಬಸ್ ಹತ್ತಿದೆ.

ಅದು 2019ರ ಜೂನ್ ಕೊನೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಬೋಟುಗಳನ್ನು ದಡಕ್ಕೆ ಎಳೆದು ರಿಪೇರಿ ಮಾಡುವುದು, ಬಣ್ಣ ಹೊಡೆಯುವುದು, ಮಾರುವುದು, ಕೊಳ್ಳುವುದು ಎಲ್ಲ ಈ ಎರಡು ತಿಂಗಳಲ್ಲೇ. ಐದು ನದಿಗಳು ಕೂಡುವ ಗಂಗೊಳ್ಳಿಯ ಅಳಿವೆಯ ಹತ್ತಿರ, ಪ್ಲಾಸ್ಟಿಕ್ ಹೊದಿಕೆಯ ಕೆಳಗೆ, ಕಟ್ಟೆಯ ಮೇಲೆ ಕೂತಿತ್ತು ಆ ಬೋಟು. 42 ಅಡಿ ಉದ್ದ, ಮರದ್ದು, 14 ವರ್ಷ ಹಳೆಯದು. ಆದರೆ ನೋಡಿದರೆ ಹೊಸ ಮದುಮಗಳ ಹಾಗಿತ್ತು. ಮೈಯೆಲ್ಲ ಹೊಳೆಯುವ ನೀಲಿ, ಅಂಚಿಗೆ ಹಳದಿ ಪಟ್ಟಿ, ಮೂತಿಗೆ ಹೂವಿನ ಹಾರ. ನಾನಂತೂ ಮನಸ್ಸಲ್ಲೇ ಓಕೆ ಮಾಡಿಬಿಟ್ಟೆ.

ಭಾವ ಜೊತೆಗೆ ಒಬ್ಬ ಆಚಾರ್ರನ್ನು ಕರೆದುಕೊಂಡು ಬಂದಿದ್ದರು. ಎಪ್ಪತ್ತು ದಾಟಿದ ವಯಸ್ಸು, ಐವತ್ತು ವರ್ಷ ಬೋಟು ಕಟ್ಟಿದ ಕೈ. ಅವರು ಬೋಟಿನ ಹತ್ತಿರ ಬಂದವರೇ ಅದನ್ನು ನೋಡಲೇ ಇಲ್ಲ. ಮಾರುವವರ ಕಡೆ ತಿರುಗಿ, "ಬಣ್ಣ ಯಾವಾಗ ಹೊಡ್ದದ್?" ಅಂತ ಕೇಳಿದರು.

"ಹೋದ ವಾರ."

"ಹ್ಮ್."

ಆಮೇಲೆ ಚೀಲದಿಂದ ಒಂದು ಸಣ್ಣ ಸುತ್ತಿಗೆ, ಒಂದು ಚೂಪಾದ ಉಳಿ ತೆಗೆದರು. ಬೋಟಿನ ಅಡಿಗೆ ಬಗ್ಗಿ, ಒಂದೊಂದೇ ಹಲಗೆಗೆ ಮೆಲ್ಲಗೆ ಬಡಿಯುತ್ತಾ ಹೋದರು. ಠಣ್, ಠಣ್, ಠಣ್. ನನಗೆ ಎಲ್ಲ ಶಬ್ದವೂ ಒಂದೇ. "ಗಟ್ಟಿ ಮರ ಬಾಯಿ ಬಿಟ್ ಮಾತಾಡ್ತ್. ಹಾಳಾದ್ ಮರ ಬಾಯಿ ಮುಚ್ಕಣ್ತ್" ಅಂದರು.

ಆವತ್ತು ರಾತ್ರಿ ಮತ್ತು ಆಮೇಲಿನ ಎಷ್ಟೋ ರಾತ್ರಿ ನಾನು ಕೂತು ಓದಿದ್ದು ಈ ಠಣ್ ಶಬ್ದದ ಚರಿತ್ರೆ. ಹಳೆಯ ಬೋಟನ್ನು ಕೊಳ್ಳುವ ಮುಂಚೆ ಬಡಿದು ನೋಡುವ ಈ ಕೆಲಸ ಯಾವಾಗ ಶುರುವಾಯಿತು? ಯಾಕೆ ಶುರುವಾಯಿತು? ಹುಡುಕುತ್ತಾ ಹೋದರೆ ಅದು ಹುಳುವಿನಿಂದ ಶುರುವಾಗಿ ಲಂಡನ್ನಿನ ಕಾಫಿ ಅಂಗಡಿಗೆ ಹೋಗಿ, ಅಲ್ಲಿಂದ ವಾಪಸ್ಸು ನಮ್ಮ ಮನೆ ಬಾಗಿಲಿಗೇ ಬಂತು.

ಮೊದಲು ಹುಳುವಿನ ವಿಷಯ. ಸಮುದ್ರದಲ್ಲಿ ಮರ ಕೊರೆಯುವ ಒಂದು ಜೀವಿ ಇದೆ. ಹೆಸರು ಟೆರೆಡೊ. ನೋಡಲು ಹುಳು, ಆದರೆ ಜಾತಿಯಲ್ಲಿ ನಮ್ಮ ಮರುವಾಯಿಯ ಸಂಬಂಧಿ. ಮರಿಯಾಗಿದ್ದಾಗ ಗುಂಡುಸೂಜಿ ಚುಚ್ಚಿದಷ್ಟು ಸಣ್ಣ ತೂತು ಮಾಡಿ ಒಳಗೆ ಹೋಗುತ್ತದೆ. ಒಳಗೆ ಹೋದ ಮೇಲೆ ಬೆಳೆಯುತ್ತದೆ, ಬೆಳೆದಂತೆ ಮರದ ಎಳೆಯ ಉದ್ದಕ್ಕೂ ಸುರಂಗ ಕೊರೆಯುತ್ತದೆ. ಹೊರಗಿನಿಂದ ನೋಡಿದರೆ ಹಲಗೆ ಸರಿಯಾಗೇ ಇರುತ್ತದೆ, ಒಳಗೆ ಜೇನುಗೂಡು. ಅದರ ಮೇಲೊಂದು ಕೋಟ್ ಬಣ್ಣ ಬಿದ್ದರೆ ಆ ಸಣ್ಣ ತೂತೂ ಕಾಣೋದಿಲ್ಲ.

ಕೊಲಂಬಸ್ ನಾಲ್ಕನೇ ಯಾನದಲ್ಲಿ ಸಿಕ್ಕಿಬಿದ್ದದ್ದು ಇದಕ್ಕೇ. 1503ರಲ್ಲಿ ಹುಳು ತಿಂದು ಜರಡಿಯಾದ ಕೊನೆಯ ಎರಡು ಹಡಗುಗಳನ್ನು ಜಮೈಕಾದ ದಡಕ್ಕೆ ಹತ್ತಿಸಿ, ಒಂದು ವರ್ಷ ಅಲ್ಲೇ ಕೂತಿದ್ದ. 1731ರಲ್ಲಿ ಹಾಲೆಂಡಿನವರು ಕಡಲ ಒಡ್ಡುಗಳ ಮರದ ಕಂಬ ನೋಡಿದರೆ ಒಳಗೆಲ್ಲ ಇದೇ ಹುಳು. ಸಮುದ್ರಮಟ್ಟಕ್ಕಿಂತ ಕೆಳಗಿರುವ ದೇಶಕ್ಕೆ ಅದು ಎಂಥ ಸುದ್ದಿ ಅಂತ ಯೋಚನೆ ಮಾಡಿ. 1761ರಲ್ಲಿ ಬ್ರಿಟಿಷ್ ನೌಕಾಪಡೆ 'ಅಲಾರ್ಮ್' ಅನ್ನುವ ಹಡಗಿನ ಅಡಿಗೆ ತಾಮ್ರದ ತಗಡು ಹೊಡೆದು ನೋಡಿತು. ಹುಳು ಬರಲಿಲ್ಲ. ಆದರೆ ಎರಡು ವರ್ಷ ಬಿಟ್ಟು ನೋಡಿದರೆ ತಗಡು ಹಿಡಿದಿದ್ದ ಕಬ್ಬಿಣದ ಮೊಳೆಗಳು ಕರಗಿ ಹೋಗಿದ್ದವು. ಉಪ್ಪುನೀರಿನಲ್ಲಿ ತಾಮ್ರ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿದರೆ ಬ್ಯಾಟರಿಯ ಹಾಗೆ ಕೆಲಸ ಮಾಡಿ ಕಬ್ಬಿಣ ಸವೆಯುತ್ತದೆ. ಕೆಲವು ಮೊಳೆ ಮಾತ್ರ ಉಳಿದಿದ್ದವು. ತಾಮ್ರದ ತಗಡು ಸುತ್ತಿ ಬಂದಿದ್ದ ಕಂದು ಕಾಗದವನ್ನು ಎಲ್ಲಿ ಸರಿಯಾಗಿ ಕೀಳದೆ ಬಿಟ್ಟಿದ್ದರೋ ಅಲ್ಲಿ!

ಇದನ್ನು ಓದುವಾಗ ನೆನಪಾಯಿತು. ಆಚಾರ್ರು ಬೋಟಿನ ಅಡಿಯಲ್ಲಿ ಹೊಡೆದಿದ್ದ ಸತುವಿನ ತುಂಡುಗಳನ್ನು ಮುಟ್ಟಿ ನೋಡಿ, "ಹೊಸ್ತಾ?" ಅಂತ ಕೇಳಿದ್ದರು. ಆ ಸತು ಇರುವುದೇ ಸವೆಯಲಿಕ್ಕೆ. ಅದು ಸವೆದರೆ ಪ್ರೊಪೆಲ್ಲರು, ಶಾಫ್ಟು, ಮೊಳೆ ಉಳಿಯುತ್ತವೆ. ಹಳೆಯ ಬೋಟಿನಲ್ಲಿ ಸತು ಹೊಸದಾಗಿ ಹೊಳೆಯುತ್ತಿದ್ದರೆ ಈಗ ತಾನೇ ಹಾಕಿದ್ದಾರೆ, ಹಳೆಯದು ಎಷ್ಟು ಸವೆದಿತ್ತೋ ನಮಗೆ ಗೊತ್ತಾಗೋದಿಲ್ಲ. ಪ್ರೊಪೆಲ್ಲರಿನ ಹಳದಿ ಲೋಹ ಅಲ್ಲಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದರೊಳಗಿನ ಸತು ಸಮುದ್ರಕ್ಕೆ ಹೋಗಿ ತಾಮ್ರ ಮಾತ್ರ ಉಳಿದಿದೆ ಅಂತ ಅರ್ಥ. ಎಪ್ಪತ್ತು ದಾಟಿದ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಆಚಾರ್ರು ಇದನ್ನೆಲ್ಲ ಎರಡು ನಿಮಿಷದಲ್ಲಿ ನೋಡಿ ಮುಗಿಸಿದ್ದರು. ನಾನು ಇಂಜಿನಿಯರು, ಹೂವಿನ ಹಾರ ನೋಡ್ತಾ ನಿಂತಿದ್ದೆ.

ಹಾಗಾದರೆ ನಮ್ಮ ಕಡೆಯ ಹಳಬರು ಏನು ಮಾಡ್ತಿದ್ದರು? ಅರಬ್ಬೀ ಸಮುದ್ರದ ದಡದಲ್ಲಿ ಎಷ್ಟೋ ಶತಮಾನ ದೋಣಿ ಹಡಗುಗಳಿಗೆ ಮೊಳೆಯನ್ನೇ ಹೊಡೆಯುತ್ತಿರಲಿಲ್ಲ. ತೆಂಗಿನ ನಾರಿನ ಹಗ್ಗದಿಂದ ಹಲಗೆಗೆ ಹಲಗೆ ಹೊಲಿಯುತ್ತಿದ್ದರು. 11ನೇ ಶತಮಾನದ ಭೋಜರಾಜನ ಹೆಸರಿನಲ್ಲಿರುವ 'ಯುಕ್ತಿಕಲ್ಪತರು'ವಿನಲ್ಲಿ ಸಮುದ್ರಕ್ಕೆ ಹೋಗುವ ಹಡಗಿಗೆ ಕಬ್ಬಿಣ ಬೇಡ, ಸಮುದ್ರದೊಳಗಿನ ಅಯಸ್ಕಾಂತ ಬಂಡೆ ಎಳೆದುಬಿಡುತ್ತದೆ ಅಂತ ಇದೆ. ಕಾರಣ ಕತೆಯಂತೆ ಕೇಳಿಸುತ್ತದೆ. ಆದರೆ ಹೊಲಿದ ದೋಣಿಗೆ ಒಂದು ದೊಡ್ಡ ಲಾಭ ಇತ್ತು. ಅಲೆಯ ಹೊಡೆತಕ್ಕೆ ಅದು ಬಳುಕುತ್ತದೆ, ಮರಳಿಗೆ ಬಡಿದರೂ ಒಡೆಯೋದಿಲ್ಲ. ಇನ್ನೊಂದು ಲಾಭ ನನಗೆ ಆಮೇಲೆ ಹೊಳೆದದ್ದು. ನಾರು ಕೊಳೆಯುತ್ತದೆ, ಹಾಗಾಗಿ ಆಗಾಗ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಲೇಬೇಕು. ಬಿಚ್ಚಿದಾಗ ಪ್ರತಿ ಹಲಗೆಯ ಎರಡೂ ಮುಖ ಕಣ್ಣಿಗೆ ಬೀಳುತ್ತದೆ. ತಪಾಸಣೆ ಅಂತ ಬೇರೆ ಮಾಡಬೇಕಾಗಿಯೇ ಇರಲಿಲ್ಲ, ಅದು ದೋಣಿಯ ಬದುಕಿನೊಳಗೇ ಇತ್ತು.

ನಮ್ಮ ಅಜ್ಜನ ಕಾಲದ ಪಾತಿದೋಣಿ, ನಾಡದೋಣಿಗಳ ಕತೆಯೂ ಹೆಚ್ಚುಕಮ್ಮಿ ಹೀಗೇ. ಹೆಬ್ಬಲಸಿನ ಮರ ಯಾರ ಹಿತ್ತಲಿನದು ಅಂತ ಊರಿಗೆಲ್ಲ ಗೊತ್ತು. ಕಟ್ಟಿದ ಆಚಾರಿ ಪಕ್ಕದ ಕೇರಿಯವನು. ಮಳೆಗಾಲ ಬಂತು ಅಂದರೆ ದೋಣಿಯನ್ನು ದಡಕ್ಕೆ ಎಳೆದು, ಗರಿ ಹೊದಿಸಿ, ಬೂತಾಯಿಯಿಂದ ತೆಗೆದ ಮೀನೆಣ್ಣೆಯನ್ನೋ ಗೇರುಸಿಪ್ಪೆಯ ಎಣ್ಣೆಯನ್ನೋ ಕೈಯಾರೆ ತಿಕ್ಕುತ್ತಿದ್ದರು. ಕೈಯಲ್ಲಿ ಎಣ್ಣೆ ತಿಕ್ಕುವವನಿಗೆ ಮೆತ್ತಗಿನ ಜಾಗ ಬೆರಳಿಗೇ ಗೊತ್ತಾಗುತ್ತದೆ.

ಆಗಿನ ದೊಡ್ಡ ಮೀನುಗಾರಿಕೆ ಅಂದರೆ ರಂಪಣಿ. ದೋಣಿಯಲ್ಲಿ ಬಲೆ ಕೊಂಡೊಯ್ದು ಸಮುದ್ರದಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು, ಎರಡೂ ತುದಿಯನ್ನು ದಡದಿಂದ ಹತ್ತಾರು ಜನ ಸೇರಿ ಎಳೆಯುವುದು. ಬಂಗುಡೆ, ಬೂತಾಯಿ ರಾಶಿ ಬೀಳುತ್ತಿತ್ತು. ಬಲೆ ಒಬ್ಬನದಲ್ಲ. ಒಂದೊಂದು ಮನೆಯವರು ಒಂದೊಂದು ತುಂಡು ಕೊಟ್ಟು ಸೇರಿಸಿದ ಬಲೆ, ಬಂದ ಮೀನು ಪಾಲು. ನನ್ನ ಅಜ್ಜಿಗೆ ಯಾವ ತುಂಡು ಯಾರ ಮನೆಯದು ಅಂತ ಕೊನೆವರೆಗೂ ನೆನಪಿತ್ತು. ಆ ವ್ಯವಸ್ಥೆ ಪೂರಾ ಒಳ್ಳೆಯದಿತ್ತು ಅಂತ ನಾನು ಹೇಳೋದಿಲ್ಲ. ಪಾಲಿಗೆ ಜಗಳ ಇತ್ತು, ಸಾಲ ಇತ್ತು, ಬಡತನ ಇತ್ತು. ಆದರೆ ಗುರುತಿಲ್ಲದವನಿಂದ ಗುರುತಿಲ್ಲದ ದೋಣಿ ಕೊಳ್ಳುವ ಪ್ರಮೇಯ ಕಮ್ಮಿ ಇತ್ತು.

ಇದು ಬದಲಾದದ್ದು ಎಂಜಿನ್ ಬಂದ ಮೇಲೆ. 1950ರ ದಶಕದ ಆರಂಭದಲ್ಲಿ ಕೇರಳದ ನೀಂಡಕರ ಭಾಗದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಶುರುವಾಯಿತು. ನಾರ್ವೆಯವರ ಸಹಾಯದಲ್ಲಿ ಎಂಜಿನ್ ದೋಣಿ, ಐಸ್, ಹೊಸ ಬಲೆ. 60ರ ದಶಕದಲ್ಲಿ ಅದು ಕಾರವಾರಕ್ಕೂ ಬಂತು. ಟ್ರಾಲ್ ಬೋಟುಗಳು ಬಂದವು, ಸಿಗಡಿಗೆ ವಿದೇಶದ ಮಾರ್ಕೆಟ್ ಸಿಕ್ಕಿತು. 70ರ ದಶಕದ ನಡುವಿನಲ್ಲಿ ಮಂಗಳೂರು, ಮಲ್ಪೆ ಕಡೆ ಪರ್ಸೀನ್ ಬೋಟು ಬಂತು. ದಡಕ್ಕೆ ಬರುವ ಮೊದಲೇ ಮೀನಿನ ಹಿಂಡನ್ನು ಸಮುದ್ರದಲ್ಲೇ ಸುತ್ತುವರಿದು ಹಿಡಿಯುವ ಬಲೆ ಅದು. ರಂಪಣಿಯವರು ವಿರೋಧ ಮಾಡಿದರು, ಗಲಾಟೆಗಳಾದವು, ಆದರೆ ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಹೆಚ್ಚುಕಮ್ಮಿ ಮಾಯವಾಯಿತು. ಎಷ್ಟೋ ರಂಪಣಿಯವರೇ ಸಾಲ ಮಾಡಿ ಪರ್ಸೀನಿಗೆ ಸೇರಿದರು.

ಬೋಟು ಅಂದರೆ ಈಗ ಸಾಲ. ಕಂತು ಕಟ್ಟಲಾಗದಿದ್ದರೆ ಮಾರಾಟ. ಗಂಗೊಳ್ಳಿಯದು ಭಟ್ಕಳಕ್ಕೆ, ಭಟ್ಕಳದ್ದು ಮಲ್ಪೆಗೆ, ಮಲ್ಪೆಯದು ಇನ್ನೆಲ್ಲಿಗೋ. ಮರ ಕಡಿದವರು ಯಾರು, ಕಟ್ಟಿದವರು ಯಾರು, ಯಾವ ವರ್ಷ ಯಾವ ಬಂಡೆಗೆ ತಾಗಿತ್ತು ಅನ್ನೋದು ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಆಚಾರ್ರ ಸುತ್ತಿಗೆಗೆ ಬೆಲೆ ಬಂದದ್ದು ಈ ವ್ಯತ್ಯಾಸದಿಂದ.

ಇದೇ ಸಮಸ್ಯೆಯನ್ನು ಲಂಡನ್ನಿನವರು ನಮಗಿಂತ ಇನ್ನೂರು ವರ್ಷ ಮೊದಲೇ ನೋಡಿದ್ದರು. 17ನೇ ಶತಮಾನದ ಕೊನೆಗೆ ಎಡ್ವರ್ಡ್ ಲಾಯ್ಡ್ ಅನ್ನುವವನ ಕಾಫಿ ಅಂಗಡಿಯಲ್ಲಿ ಹಡಗಿನ ವ್ಯಾಪಾರಿಗಳು, ವಿಮೆ ಬರೆಯುವವರು ಸೇರುತ್ತಿದ್ದರು. ತಾವು ಕಣ್ಣಲ್ಲೂ ಕಾಣದ ಹಡಗಿಗೆ ವಿಮೆ ಬರೆಯಬೇಕು. ಅದರ ಅಡಿ ಗಟ್ಟಿ ಇದೆಯೋ ಇಲ್ಲವೋ ಅಂತ ತಿಳಿಯೋದು ಹೇಗೆ? 1760ರಲ್ಲಿ ಅವರೇ ಒಂದು ಸಂಘ ಮಾಡಿಕೊಂಡು, ಹಡಗುಗಳನ್ನು ನೋಡಿಸಿ, 1764ರಲ್ಲಿ ಒಂದು ಪುಸ್ತಕ ತಂದರು. ಹಡಗಿನ ಮೈಗೆ ಇಂಗ್ಲಿಷಿನ ಐದು ಸ್ವರಗಳು: ಎ ಅಂದರೆ ಉತ್ತಮ, ಆಮೇಲೆ ಇ, ಐ, ಓ, ಕೊನೆಗೆ ಯು. ಹಾಯಿ, ಹಗ್ಗ, ಲಂಗರಿಗೆ ಬೇರೆ ಗುರುತು: ಒಳ್ಳೆಯದು, ಮಧ್ಯಮ, ಕೆಟ್ಟದ್ದು. ಮುಂದೆ ಈ ಎರಡನೆಯದಕ್ಕೆ 1, 2, 3 ಅಂತ ಅಂಕಿ ಬಂತು. ಮೈಯೂ ಉತ್ತಮ, ಸಾಮಾನೂ ಉತ್ತಮ ಅಂದರೆ 'ಎ 1'. ನಮ್ಮ ಮೀನು ಮಾರ್ಕೆಟಿನಲ್ಲಿ "ಅಂಜಲ್ ಏವನ್ ಇತ್" ಅಂತಾರಲ್ಲ, ಆ ಏವನ್ನು ಹುಟ್ಟಿದ್ದು ಹಳೆ ಹಡಗಿನ ತಪಾಸಣೆಯಲ್ಲಿ.

ಓದುವಾಗ ನನಗೆ ಖುಷಿಯಾಯಿತು, ಇದು ನಮ್ಮ ಕೋಡ್ ರಿವ್ಯೂ ಇದ್ದ ಹಾಗೇ ಇದೆಯಲ್ಲ ಅಂತ. ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಕೆಲವು ದಶಕ ಕಳೆಯುವುದರೊಳಗೆ ಪುಸ್ತಕದವರು ಹಡಗಿನ ನಿಜ ಸ್ಥಿತಿಗಿಂತ ಅದರ ವಯಸ್ಸು, ಅದು ಎಲ್ಲಿ ಕಟ್ಟಿದ್ದು ಅನ್ನೋದಕ್ಕೇ ಹೆಚ್ಚು ಬೆಲೆ ಕೊಡಲು ಶುರುಮಾಡಿದರು. ಥೇಮ್ಸ್ ನದಿಯಲ್ಲಿ ಕಟ್ಟಿದ ಹಡಗಿಗೆ ಒಂದು ಕೈ ಜಾಸ್ತಿ. ಸಿಟ್ಟು ಬಂದ ಹಡಗಿನ ಮಾಲೀಕರು 1799ರಲ್ಲಿ ತಮ್ಮದೇ ಬೇರೆ ಪುಸ್ತಕ ತಂದರು. ಒಂದು ಹಸಿರು ಪುಸ್ತಕ, ಒಂದು ಕೆಂಪು ಪುಸ್ತಕ. ಮೂವತ್ತೈದು ವರ್ಷ ಕಿತ್ತಾಡಿ, ಇಬ್ಬರೂ ಮುಳುಗುವ ಹಂತಕ್ಕೆ ಬಂದು, 1834ರಲ್ಲಿ ಒಂದಾದರು. ಕಾಲೇಜಿನ ಹೆಸರು ನೋಡಿ ರೆಸ್ಯೂಮೆ ಪಕ್ಕಕ್ಕಿಡುವ ನಮ್ಮ ಇಂಟರ್‌ವ್ಯೂ ಪ್ಯಾನೆಲ್ಲುಗಳಿಗೆ ಈ ಕತೆ ಹೇಳಬೇಕು. ಊರ ಹೆಸರು ನೋಡಿ ಮಾರ್ಕು ಕೊಡುತ್ತಿದ್ದವರ ಕಾಲದಲ್ಲೇ, 1817ರಲ್ಲಿ, ಮುಂಬಯಿಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಿಂದ 'ಟ್ರಿಂಕೋಮಲಿ' ಅನ್ನುವ ಯುದ್ಧನೌಕೆ ಕಟ್ಟಿದರು. ಅದು ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ಇವತ್ತಿಗೂ ತೇಲುತ್ತಿದೆ.

ತಪಾಸಣೆ ಬಂದರೂ ಮೋಸ ನಿಲ್ಲಲಿಲ್ಲ. ವಿಮೆ ಸಿಗುತ್ತದೆ ಅಂತಾದ ಮೇಲೆ ಹಳೆಯ ಹಡಗು ಮುಳುಗಿದರೆ ಮಾಲೀಕನಿಗೆ ನಷ್ಟವೇ ಇಲ್ಲ. ಹೆಚ್ಚು ಸರಕು ಹೇರಿ, ಹೆಚ್ಚು ವಿಮೆ ಮಾಡಿಸಿ, ಕೊಳೆತ ಹಡಗನ್ನು ಕಳಿಸುತ್ತಿದ್ದರು. ನಾವಿಕರು ಅವಕ್ಕೆ ಶವಪೆಟ್ಟಿಗೆ ಹಡಗು ಅನ್ನುತ್ತಿದ್ದರು. ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಅನ್ನುವ ಸಂಸದ 1873ರಲ್ಲಿ ಇದರ ಮೇಲೆ ಪುಸ್ತಕ ಬರೆದು, ಪಾರ್ಲಿಮೆಂಟಿನಲ್ಲಿ ಕೂಗಾಡಿ, 1876ರಲ್ಲಿ ಕಾನೂನು ಬಂತು. ಹಡಗಿನ ಪಕ್ಕದಲ್ಲಿ ಒಂದು ಗೆರೆ ಎಳೆಯಬೇಕು, ನೀರು ಆ ಗೆರೆ ದಾಟುವಷ್ಟು ಸರಕು ಹೇರಬಾರದು. ಆದರೆ ಗೆರೆ ಎಲ್ಲಿ ಎಳೆಯಬೇಕು ಅನ್ನೋದನ್ನು ಮಾಲೀಕನಿಗೇ ಬಿಟ್ಟಿದ್ದರು. ಒಬ್ಬ ಆ ಗೆರೆಯನ್ನು ಹೊಗೆಕೊಳವೆಯ ಮೇಲೆ ಎಳೆಸಿದ ಅಂತ ಒಂದು ಕತೆ ಇದೆ. 1890ರಲ್ಲಿ ಗೆರೆಯ ಜಾಗವನ್ನೂ ಕಾನೂನೇ ಹೇಳಬೇಕಾಯಿತು. ಎಷ್ಟು ಹೊತ್ತಿಗೂ ಬಣ್ಣ ಹಚ್ಚುವವರ ಕೈಯಲ್ಲಿ ಬ್ರಷ್ ಇದ್ದೇ ಇರುತ್ತದೆ.

ಮತ್ತೆ ಗಂಗೊಳ್ಳಿಗೆ ಬರ್ತೀನಿ.

ಆಚಾರ್ರು ಅಡಿ ಮುಗಿಸಿ ಒಳಗೆ ಹತ್ತಿದರು. ಸೀದಾ ಹೋದದ್ದು ಮೀನು ಮತ್ತು ಐಸ್ ಹಾಕುವ ಕೋಣೆಗೆ. "ಉಪ್ಪುನೀರ್ ಮರಕ್ಕ್ ಔಷಧಿ, ಸಪ್ಪೆ ನೀರ್ ವಿಷ" ಅಂದರು. ನನಗೆ ಅದುವರೆಗೂ ಸಮುದ್ರದ ನೀರೇ ಬೋಟನ್ನು ಕೊಳೆಸುತ್ತದೆ ಅನ್ನುವ ಭ್ರಮೆ ಇತ್ತು. ಕೊಳೆಸುವ ಶಿಲೀಂಧ್ರಕ್ಕೆ ಬೇಕಾದದ್ದು ಸಿಹಿನೀರು. ಡೆಕ್ಕಿನ ಸಂದಿಯಲ್ಲಿ ಇಳಿಯುವ ಮಳೆನೀರು, ಕರಗಿದ ಐಸಿನ ನೀರು. 19ನೇ ಶತಮಾನದಲ್ಲಿ ಅಮೆರಿಕದವರು ಹಡಗಿನ ಪಕ್ಕೆಮರಗಳ ನಡುವೆ ಉಪ್ಪನ್ನೇ ತುಂಬಿಸುತ್ತಿದ್ದರಂತೆ, ಉಪ್ಪಿನಕಾಯಿ ಹಾಕಿದ ಹಾಗೆ. ಹಾಗಾಗಿ ಮೀನು ಬೋಟಿನಲ್ಲಿ ಮೊದಲು ಹಾಳಾಗುವುದು ಐಸ್ ಕೋಣೆಯ ಹಿಂದಿನ ಮರ, ಕಣ್ಣಿಗೆ ಬೀಳದ ಜಾಗ.

ಅಷ್ಟರಲ್ಲಿ ಭಾವ ಎಂಜಿನ್ ಹತ್ತಿರ ಹೋಗಿ ಕೈಯಿಟ್ಟರು. ಬೆಚ್ಚಗಿತ್ತು. ನಾವು ಬರುವ ಮೊದಲೇ ಹೊರಗಿನಿಂದ ನೀರು ಕೊಟ್ಟು ಒಂದು ಸಲ ಓಡಿಸಿದ್ದಾರೆ. ತಣ್ಣಗಿದ್ದ ಎಂಜಿನ್ ಎಷ್ಟು ಕಷ್ಟಪಟ್ಟು ಸ್ಟಾರ್ಟ್ ಆಗುತ್ತದೆ, ಮೊದಲು ಯಾವ ಬಣ್ಣದ ಹೊಗೆ ಬರುತ್ತದೆ ಅಂತ ನೋಡುವ ಅವಕಾಶ ಹೋಯಿತು. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಆಯಿಲ್ ಕಡ್ಡಿ ತೆಗೆದಾಗ ಹಾಲು ಬೆರೆಸಿದ ಚಹಾದ ಬಣ್ಣ ಇದ್ದರೆ ಒಳಗೆ ನೀರು ಸೇರಿದೆ. ಆಯಿಲ್ ಹೊಸದಾಗಿತ್ತು. ಭಾವ ಏನೂ ಹೇಳಲಿಲ್ಲ, ಕಡ್ಡಿ ಒರೆಸಿ ವಾಪಸ್ಸು ಇಟ್ಟರು.

ನನಗೆ ಕೊಟ್ಟ ಕೆಲಸ ಕಾಗದಪತ್ರ. ರಿಜಿಸ್ಟ್ರೇಷನ್, ಮೀನುಗಾರಿಕೆ ಲೈಸೆನ್ಸ್, ವಿಮೆ, ಬ್ಯಾಂಕಿನ ಸಾಲ ತೀರಿದ ಪತ್ರ, ಎಂಜಿನ್ ನಂಬರು. 2008ರಲ್ಲಿ ಮುಂಬಯಿಗೆ ದಾಳಿಕೋರರು ಬಂದದ್ದು ಸಮುದ್ರದಲ್ಲಿ ವಶಮಾಡಿಕೊಂಡ 'ಕುಬೇರ' ಅನ್ನುವ ಮೀನು ಬೋಟಿನಲ್ಲಿ. ಅದಾದ ಮೇಲೆ ಬೋಟುಗಳ ನೋಂದಣಿ, ಮೀನುಗಾರರ ಗುರುತಿನ ಚೀಟಿ ಎಲ್ಲ ಬಿಗಿಯಾಯಿತು. ಕಾಗದ ನೋಡಿದೆ. ಎಲ್ಲ ಸರಿ ಇತ್ತು, ಒಂದನ್ನು ಬಿಟ್ಟು. ಸಾಲ ತೀರಿದ ಪತ್ರ ಇರಲಿಲ್ಲ. "ಬೋಟ್ ಮಾರಿದ ದುಡ್ಡಲ್ಲೇ ತೀರಿಸಿ ಪತ್ರ ತಂದು ಕೊಡ್ತೇನೆ" ಅಂದರು ಮಾರುವವರು.

ಆಗಲೇ ಕೆಳಗಿನಿಂದ ಸುತ್ತಿಗೆಯ ಶಬ್ದ ಮತ್ತೆ ಶುರುವಾಯಿತು. ಆಚಾರ್ರು ಐಸ್ ಕೋಣೆ ನೋಡಿ, ಸರಿಯಾಗಿ ಅದರ ಹೊರಭಾಗಕ್ಕೆ ಹೋಗಿದ್ದರು. ಠಣ್, ಠಣ್. ಆಮೇಲೆ ಧಪ್.

ಈ ಸಲ ನನಗೂ ಗೊತ್ತಾಯಿತು.

"ಚುಚ್ಚಲಕ್ಕಾ?" ಅಂತ ಆಚಾರ್ರು ಮಾರುವವರನ್ನು ಕೇಳಿದರು. ಬೇರೆಯವರ ಬೋಟಿಗೆ ಕೇಳದೆ ಉಳಿ ಹಾಕಬಾರದು, ಅದು ಮರ್ಯಾದೆ. ಅವರು ಒಂದು ಕ್ಷಣ ಸುಮ್ಮನಿದ್ದು ತಲೆ ಆಡಿಸಿದರು. ಹೊಳೆಯುವ ನೀಲಿ ಬಣ್ಣದೊಳಗೆ ಉಳಿ ಎರಡು ಬೆರಳು ಆಳ ಹೋಯಿತು. ಒತ್ತಿದ ಹಾಗೂ ಕಾಣಲಿಲ್ಲ. ಹೊರಗೆ ತೆಗೆದರೆ ತುದಿಯಲ್ಲಿ ಒದ್ದೆ ಬೆಲ್ಲದಂಥ ಪುಡಿ. ಪಕ್ಕದ ಪಕ್ಕೆಮರವೂ ಹೋಗಿತ್ತು.

ಮಾರುವವರು ಕಟ್ಟೆಯ ಮೇಲೆ ಕೂತುಬಿಟ್ಟರು. ನನಗೆ ಸಿಟ್ಟು ಬಂದಿತ್ತು, ಎರಡು ಮಾತು ಹೇಳಬೇಕು ಅಂತಿದ್ದೆ. ಅವರೇ ಶುರು ಮಾಡಿದರು. ಎರಡು ವರ್ಷದ ಹಿಂದೆ ಎರಡು ಹಲಗೆ ಬದಲಿಸಿದ್ದರು, ಮೂರನೆಯದಕ್ಕೆ ದುಡ್ಡು ಸಾಲಲಿಲ್ಲ. ಮೀನು ಸರಿಯಾಗಿ ಸಿಗಲಿಲ್ಲ, ಕಂತು ನಿಂತಿತು. ಮಗಳ ಕಾಲೇಜು ಫೀಸು. ರಿಪೇರಿ ಮಾಡಿಸಿ ಮಾರುವ ಶಕ್ತಿ ಇಲ್ಲ, ಮಾರದೆ ರಿಪೇರಿಗೆ ದುಡ್ಡಿಲ್ಲ. ಉಳಿದದ್ದು ಒಂದು ಡಬ್ಬ ಬಣ್ಣ. ಭಾವ ಹತ್ತು ವರ್ಷದ ನಂತರ ಇದೇ ಕಟ್ಟೆಯ ಮೇಲೆ ಹೀಗೇ ಕೂತಿರುವ ಚಿತ್ರ ನನ್ನ ಕಣ್ಣ ಮುಂದೆ ಬಂತು. ಹೇಳಬೇಕು ಅಂತಿದ್ದ ಎರಡು ಮಾತು ನುಂಗಿಕೊಂಡೆ.

ಇದಕ್ಕೆ ಅರ್ಥಶಾಸ್ತ್ರದಲ್ಲಿ ಒಂದು ಪ್ರಸಿದ್ಧ ಲೇಖನ ಇದೆ. ಜಾರ್ಜ್ ಅಕರ್ಲಾಫ್ 1970ರಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳ ಬಗ್ಗೆ ಬರೆದದ್ದು. ಮೂರು ಪತ್ರಿಕೆಗಳು ವಾಪಸ್ಸು ಕಳಿಸಿದ್ದವು, 2001ರಲ್ಲಿ ಅದೇ ಕೆಲಸಕ್ಕೆ ನೊಬೆಲ್ ಬಂತು. ಸಾರ ಇಷ್ಟು: ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ, ಕೊಳ್ಳುವವನು ಎಲ್ಲವನ್ನೂ ಸಂಶಯದಿಂದ ನೋಡಿ ಕಮ್ಮಿ ರೇಟು ಹೇಳುತ್ತಾನೆ. ಆ ರೇಟಿಗೆ ಒಳ್ಳೆಯ ಗಾಡಿ ಇಟ್ಟುಕೊಂಡವನು ಮಾರುವುದಿಲ್ಲ. ಕೊನೆಗೆ ಮಾರ್ಕೆಟಿನಲ್ಲಿ ಉಳಿಯುವುದು ಕೆಟ್ಟದ್ದೇ. ಲೆಕ್ಕ ಸರಿಯಾಗೇ ಇದೆ. ಆದರೆ ಕಾರು ಕೆಟ್ಟರೆ ರಸ್ತೆ ಬದಿಯಲ್ಲಿ ನಿಲ್ಲುತ್ತದೆ. ದಡ ಕಾಣದ ಜಾಗದಲ್ಲಿ ಹಲಗೆ ಬಿಟ್ಟರೆ ಬೋಟಿನಲ್ಲಿದ್ದ ಏಳೆಂಟು ಜನಕ್ಕೆ ನಿಲ್ಲಲು ಜಾಗವೇ ಇಲ್ಲ. ಅವರಲ್ಲಿ ಯಾರೂ ಈ ವ್ಯಾಪಾರದಲ್ಲಿ ಮಾತಾಡಿದವರಲ್ಲ, ಬೋಟಿನ ಅಡಿ ನೋಡಿದವರಲ್ಲ.

ಮಾರುವವರು 14 ಲಕ್ಷಕ್ಕೆ ಇಳಿದರು. ಭಾವನ ಮುಖದಲ್ಲಿ ಆಸೆ ಕಾಣುತ್ತಿತ್ತು. ಒಂದು ಬದಿಗೆ ಕರೆದು, "ನಾಲ್ಕ್ ಲಕ್ಷದಗೆ ರಿಪೇರಿ ಆತ್ ಅಲ್ದಾ ಆಚಾರ್ರೆ?" ಅಂತ ಕೇಳಿದರು.

"ಕಂಡದ್ದಕ್ಕೆ ಆತ್. ಕಾಣದ್ದಕ್ಕೆ ನಾ ಹೇಳುಕಾತಿಲ್ಲ" ಅಂದರು ಆಚಾರ್ರು. ಆಮೇಲೆ ಮಾರುವವರ ಹತ್ತಿರ ಹೋಗಿ ಪಕ್ಕದಲ್ಲಿ ಕೂತರು. ಬೈಯಲಿಲ್ಲ. "ಯಾರಿಗ್ ಕೊಟ್ರೂ ಹೇಳಿ ಕೊಡು. ಅದ್ರಗೆ ಹೋಪ್ರಿಗೂ ಮಕ್ಕಳಿತ್" ಅಂತ ಅಷ್ಟೇ ಹೇಳಿ ಎದ್ದರು.

ನಾವು ಕೊಳ್ಳಲಿಲ್ಲ. ಎರಡು ದಿನ ಭಾವ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅಕ್ಕ ಮಾತ್ರ ಬಂಗಾರದ ಡಬ್ಬಿಯನ್ನು ಸದ್ದಿಲ್ಲದೆ ಕಪಾಟಿಗೆ ವಾಪಸ್ಸು ಇಟ್ಟಳು. ಆ ನೀಲಿ ಬೋಟು ಆಗಸ್ಟಿನೊಳಗೆ ಎಲ್ಲಿಗೋ ಮಾರಾಟವಾಯಿತು. ಹೇಳಿ ಕೊಟ್ಟರೋ, ಹೇಳದೆ ಕೊಟ್ಟರೋ ನಮಗೆ ಗೊತ್ತಿಲ್ಲ. ಕೊಂಡವರನ್ನು ಹುಡುಕಿ ಹೇಳಬೇಕಿತ್ತಾ? ಈ ಪ್ರಶ್ನೆ ಇವತ್ತಿಗೂ ಮಳೆ ಜೋರಾದಾಗ ನನ್ನ ತಲೆಯಲ್ಲಿ ಏಳುತ್ತದೆ. ಬೇರೆಯವರ ವ್ಯಾಪಾರಕ್ಕೆ ಯಾಕೆ ಕಲ್ಲು ಹಾಕೋದು ಅಂತ ಆಗ ಸುಮ್ಮನಿದ್ದೆವು. ಅದು ಸರಿ ಅಂತ ಹೇಳುವ ಧೈರ್ಯ ನನಗಿಲ್ಲ.

ಬೆಂಗಳೂರಿಗೆ ಬಂದು ನಾನು ಮಾಡಿದ ಕೆಲಸ ಇಂಜಿನಿಯರ್ ಮಾಡುವ ಕೆಲಸವೇ. ಒಂದು ಎಕ್ಸೆಲ್ ಶೀಟು. ಅಡಿ, ಪಕ್ಕೆಮರ, ಸತು, ಪ್ರೊಪೆಲ್ಲರ್, ಶಾಫ್ಟನ್ನು ಕೈಯಲ್ಲಿ ಎತ್ತಿದರೆ ಆಡುತ್ತದಾ, ದೂರ ನಿಂತು ನೋಡಿದರೆ ನಡು ಎದ್ದು ಎರಡು ತುದಿ ಜೋತಿದೆಯಾ, ಎಂಜಿನ್ ತಣ್ಣಗಿತ್ತಾ, ಸಾಲದ ಪತ್ರ. ಒಟ್ಟು 20 ಸಾಲು. ಪ್ರತಿಯೊಂದಕ್ಕೂ ಲಾಯ್ಡಿನವರ ಹಾಗೆ ಮಾರ್ಕು. ಪ್ರಿಂಟ್ ತೆಗೆದು ದೀಪಾವಳಿಗೆ ಹೋದಾಗ ಆಚಾರ್ರಿಗೆ ತೋರಿಸಿದೆ. ಕನ್ನಡಕ ಹಾಕಿ ಪೂರ್ತಿ ಓದಿದರು.

"ಲಾಯ್ಕ್ ಇತ್ ಇಂಜಿನಿಯರ್ರೆ. ಶಬ್ದ ಇದ್ರಗೆ ಎಲ್ಲಿ ಬರೂದ್?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವರೇ ಪೆನ್ನು ಕೇಳಿ, ಕೆಳಗೆ 21ನೇ ಸಾಲು ಬರೆದರು: 'ಯಾಕೆ ಮಾರುದು?'

ಮುಂದಿನ ವರ್ಷದ ಮಳೆಗಾಲಕ್ಕೆ ಭಾವ ಮತ್ತೊಂದು ಬೋಟು ನೋಡಿದರು. ಈ ಸಲ ಒಬ್ಬರೇ ಅಲ್ಲ, ಜೊತೆಗೆ ದುಡಿದ ಇನ್ನು ಮೂರು ಜನ ಸೇರಿ, ನಾಲ್ಕು ಪಾಲು. ಬಲೆಯ ತುಂಡು ತುಂಡು ಸೇರಿಸುತ್ತಿದ್ದ ಅಜ್ಜಿಯ ಕಾಲದ ಲೆಕ್ಕ ನೆನಪಾಯಿತು ನನಗೆ. ಅಕ್ಕನ ಬಂಗಾರ ಅರ್ಧ ಮಾತ್ರ ಹೋಯಿತು, ತೋಟ ಉಳಿಯಿತು. ಬೋಟಿನ ಬಣ್ಣ ಅಲ್ಲಲ್ಲಿ ಎದ್ದುಹೋಗಿ ನೋಡಲು ಏನೂ ಚೆನ್ನಾಗಿರಲಿಲ್ಲ. ಆಚಾರ್ರು ನೋಡಿ, "ಬಣ್ಣ ಹೊಡಿಯದೆ ತೋರ್ಸ್ತಾ ಇದ್ರಲೆ, ಅರ್ಧ ಪರೀಕ್ಷೆ ಅಲ್ಲೇ ಪಾಸ್" ಅಂದರು. ಮಳೆಯಲ್ಲಿ ಒಂದೂವರೆ ಗಂಟೆ ಅಡಿ ಬಡಿದರು. ಮಾರುವವರು ವಯಸ್ಸಾದವರು, ಬಡಿದಷ್ಟು ಹೊತ್ತೂ ಅವರ ಜೊತೆಗೇ ನಡೆದು, ಯಾವ ಹಲಗೆ ಯಾವ ವರ್ಷ ಬದಲಿಸಿದ್ದು ಅಂತ ತಾವೇ ಕೈಯಿಟ್ಟು ತೋರಿಸುತ್ತಾ ಹೋದರು.

ಶೀಟಿನ 20 ಸಾಲು ನಾನು ತುಂಬಿಸಿದೆ. 21ನೆಯದನ್ನು ಅವರೇ ಹೇಳಿದರು, ಹಾಗೇ ಬರೆದೆ: 'ಮಂಡಿ ನೋವು. ಮಗ ದುಬೈಯಲ್ಲಿ. ಹೋಪರಿಲ್ಲ.'